ಅಗ್ಗದ ಪೇಟಿಗೆ ಮೊದಲು ಗಾಳಿ, ಆಮೇಲೆ ರೀಡು

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಹಾಡುವವರು ನಾಲ್ಕು ಮಂದಿ ಸೇರಿದರೆ ಮೊದಲು ಕೇಳುವ ಪ್ರಶ್ನೆ, ಪೇಟಿ ಯಾರ ಹತ್ತಿರ ಇದೆ ಎಂಬುದು. ಶ್ರಾವಣದ ಭಜನೆ, ತತ್ವಪದದ ಮೇಳ, ಶ್ರೀಕೃಷ್ಣ ಪಾರಿಜಾತ, ಜಾತ್ರೆಯ ನಾಟಕ, ಯಾವುದಕ್ಕೂ ಪೇಟಿ ಬೇಕು. ಹಾರ್ಮೋನಿಯಂ ಎಂಬ ಹೆಸರು ಪುಸ್ತಕದಲ್ಲಿ ಇರುತ್ತದೆ, ಊರಲ್ಲಿ ಅದು ಪೇಟಿಯೇ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಇದೇ ರೋಣದಲ್ಲಿ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಪಕ್ಕದ ಗದಗಿನಲ್ಲಿ. ಇಂಥ ನೆಲದಲ್ಲಿ ಸಂಗೀತದ ಆಸೆಗೆ ಕೊರತೆಯಿಲ್ಲ, ಕೊರತೆ ಇರುವುದು ಹಣಕ್ಕೆ. ರಾಜೂರಿನಂಥ ಹಳ್ಳಿಯ ಮಂಡಳಿಯಾಗಲಿ, ಆಗಷ್ಟೇ ಸರಿಗಮ ಕಲಿಯುತ್ತಿರುವ ಹುಡುಗಿಯಾಗಲಿ ಕೊಳ್ಳಬಹುದಾದದ್ದು ಪೇಟೆಯಲ್ಲಿ ಸಿಗುವ ತೀರ ಅಗ್ಗದ ಹೊಸ ಪೇಟಿ, ಇಲ್ಲವೆ ಯಾರೋ ಬಳಸಿ ಮೂಲೆಗೆ ಇಟ್ಟ ಹಳೆಯದು. ಅದನ್ನು ಕೊಂಡು ಸುಧಾರಿಸಿಕೊಳ್ಳುವುದು ಜಾಣತನವೋ, ಹಣ ಕಳೆಯುವ ದಾರಿಯೋ? ಜಾಣತನವೇ, ಆದರೆ ಒಂದು ಕರಾರಿನ ಮೇಲೆ. ಖರ್ಚಿನ ಕ್ರಮ ತಪ್ಪಬಾರದು. ಮೊದಲು ಗಾಳಿ, ಆಮೇಲೆ ಬೆರಳೊತ್ತುವ ಮನೆಗಳು, ಆಮೇಲೆ ಶ್ರುತಿ, ಕಟ್ಟಕಡೆಗೆ ರೀಡು. ಬಹುಪಾಲು ಜನ ಈ ಕ್ರಮವನ್ನು ತಲೆಕೆಳಗು ಮಾಡಿ, ರೀಡಿನಿಂದ ಶುರುಮಾಡುತ್ತಾರೆ.

ಇದು ಯಾಕೆ ಹೀಗೆ ಎಂದು ತಿಳಿಯಲು ಪೇಟಿಯ ಒಳಗನ್ನು ಸ್ವಲ್ಪ ನೋಡಬೇಕು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವ ದೊಡ್ಡ ವಾದ್ಯ. ನಮ್ಮ ಕಂಪನಿ ನಾಟಕಗಳ ಕಾಲು ಪೇಟಿ ಅದರ ವಂಶದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ಊದುವ ಪೆಟ್ಟಿಗೆಯಾಗಿ ಬದಲಿಸಿದರು. ಆದರೆ ಕೆಲಸದ ತತ್ವ ಬದಲಾಗಲಿಲ್ಲ. ಹಿಂದಿನ ಹೊರ ತಿದಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಸ್ಪ್ರಿಂಗಿನ ಒತ್ತಡದಲ್ಲಿರುವ ಒಳ ತಿದಿ ಅದನ್ನು ಕೂಡಿಟ್ಟು, ಒಂದೇ ಸಮನಾಗಿ ಮೇಲಕ್ಕೆ ಕಳಿಸುತ್ತದೆ. ಮುಂಬದಿಯ ಸ್ಟಾಪರ್ ಎಳೆದರೆ ಗಾಳಿ ರೀಡುಗಳ ಕೋಣೆಗೆ ಬರುತ್ತದೆ. ಬೆರಳು ಒಂದು ಮನೆಯನ್ನು ಒತ್ತಿದಾಗ ಅದರ ಕೆಳಗಿನ ಚರ್ಮ ಹಚ್ಚಿದ ಮುಚ್ಚಳ ಎದ್ದು, ಗಾಳಿ ಆ ಮನೆಯ ರೀಡಿನ ಮೂಲಕವೇ ಹೊರಬೀಳುತ್ತದೆ. ರೀಡೆಂದರೆ ಹಿತ್ತಾಳೆಯ ತಗಡಿನ ಸೀಳಿನ ಮೇಲೆ ಒಂದೇ ತುದಿಯಲ್ಲಿ ಬಿಗಿದ ತೆಳು ನಾಲಗೆ. ಅದರ ಉದ್ದ, ದಪ್ಪ, ತೂಕಗಳೇ ಸ್ವರವನ್ನು ಮುಖ್ಯವಾಗಿ ನಿರ್ಧರಿಸುತ್ತವೆ. ಆದರೆ ಆ ನಾಲಗೆ ಯಾವಾಗ ಮಾತಾಡಬೇಕು, ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು ಎಂಬುದನ್ನೆಲ್ಲ ಹೇಳುವುದು ಗಾಳಿ. ಖರ್ಜದ, ಅಂದರೆ ಕೆಳ ಸಪ್ತಕದ, ರೀಡುಗಳ ನಾಲಗೆ ಉದ್ದ, ಭಾರ. ಗಾಳಿ ಸೋರುವ ಪೇಟಿಯಲ್ಲಿ ಮೊದಲು ಸೋಲುವುದು ಅವೇ. ಅವು ತಡವಾಗಿ ನುಡಿಯುತ್ತವೆ, ನಡುವೆ ಕುಗ್ಗುತ್ತವೆ, ಒತ್ತಡ ಏರಿಳಿದಂತೆ ಸ್ವರವೂ ಕೊಂಚ ಅಲುಗುತ್ತದೆ. ಕೇಳುವವರು ರೀಡು ಕೆಟ್ಟಿದೆ ಎನ್ನುತ್ತಾರೆ. ಕೆಟ್ಟದ್ದು ತಿದಿಯ ಮಡಿಕೆ.

ಅಗ್ಗದ ಪೇಟಿ ಅಗ್ಗವಾಗುವುದು ಎಲ್ಲಿ ಎಂದು ನೋಡಿದರೂ ಇದೇ ಉತ್ತರ ಸಿಗುತ್ತದೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಬೀಳುವುದು ಹೊಳೆಯುವ ಪಾಲಿಶ್, ಕೆತ್ತನೆ, ಸಾಲಾಗಿ ನಿಂತ ಸ್ಟಾಪರ್ ಗುಂಡಿಗಳು. ತಯಾರಕ ಅಲ್ಲಿ ಉಳಿತಾಯ ಮಾಡುವುದಿಲ್ಲ. ಮಾಡುವುದು ಕಾಣದ ಕಡೆ. ಸರಿಯಾಗಿ ಒಣಗದ ಮರ ಅಥವಾ ಪ್ಲೈವುಡ್, ತಿದಿಯ ಮೂಲೆಗಳಿಗೆ ತೆಳು ಚರ್ಮದ ತುಂಡು, ಮುಚ್ಚಳಗಳಿಗೆ ಒರಟು ಫೆಲ್ಟ್, ಒಂದಕ್ಕೊಂದು ಹೊಂದದ ಸ್ಪ್ರಿಂಗ್, ಅವಸರದ ಶ್ರುತಿ. ನಮ್ಮ ಒಣ ಹವೆ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಎರೆನಾಡಿನ ಬೇಸಿಗೆಯಲ್ಲಿ ಮರ ಕುಗ್ಗಿ ಜೋಡಣೆಗಳು ಬಾಯಿಬಿಡುತ್ತವೆ, ಮಳೆಗಾಲದಲ್ಲಿ ಅದೇ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ವರ್ಷವಿಡೀ ಧೂಳು ರೀಡಿನ ಸೀಳಿಗೆ ಇಳಿಯುತ್ತದೆ. ಗುಡಿಯ ಮೂಲೆಯಲ್ಲಿ ಇಟ್ಟ ಪೇಟಿಯ ಚರ್ಮ ಇಲಿಗೆ ಪ್ರಿಯ. ಈ ದೋಷಗಳಲ್ಲಿ ಹೆಚ್ಚಿನವು ಚರ್ಮ, ಫೆಲ್ಟ್, ಅಂಟು, ಸ್ಪ್ರಿಂಗುಗಳಲ್ಲಿ ಮುಗಿಯುವಂಥವು. ಸಾಮಾನಿಗೆ ಬೀಳುವ ಹಣ ಕಡಿಮೆ, ಬೇಕಾದ್ದು ತಾಳ್ಮೆಯ ಕೈಗೆಲಸ. ಅಗ್ಗದ ಪೇಟಿಯನ್ನು ಸುಧಾರಿಸಬಹುದು ಎಂಬ ಮಾತಿಗೆ ಆಧಾರ ಇದೇ.

ಆದ್ದರಿಂದ ಕೊಳ್ಳುವಾಗ ರಾಗ ನುಡಿಸಿ ನೋಡುವುದಕ್ಕಿಂತ ಗಾಳಿ ನೋಡುವುದು ಮುಖ್ಯ. ಎಲ್ಲ ಸ್ಟಾಪರ್ ಒಳಗೆ ತಳ್ಳಿ ಮುಚ್ಚಿ, ತಿದಿ ಊದಿ, ಒಳ ತಿದಿ ತುಂಬಿದ ಮೇಲೆ ಕೈ ಬಿಡಬೇಕು. ಗಾಳಿ ಒಳಗೇ ನಿಂತರೆ ತಿದಿ ಗಟ್ಟಿ. ಯಾವ ಮನೆಯನ್ನೂ ಮುಟ್ಟದೆ ಒಳ ತಿದಿ ಬೇಗ ಇಳಿದುಹೋದರೆ ಸೋರಿಕೆ ತಿದಿಯಲ್ಲೋ, ಅದರ ತಳದ ಜೋಡಣೆಯಲ್ಲೋ ಇದೆ. ಎರಡನೆಯ ಹಂತದಲ್ಲಿ, ಸುಮ್ಮನೆ ನುಡಿಯುತ್ತಲೇ ಇರುವ ಷಡ್ಜದ ಸ್ಟಾಪರ್‌ಗಳನ್ನು ಬಿಟ್ಟು ಉಳಿದವನ್ನು ತೆರೆದು, ಮತ್ತೆ ಮನೆ ಮುಟ್ಟದೆ ಊದಬೇಕು. ಮೊದಲ ಹಂತದಲ್ಲಿ ನಿಂತ ಗಾಳಿ ಈಗ ಓಡಿದರೆ ದೋಷ ಮೇಲಿನ ಮುಚ್ಚಳಗಳಲ್ಲಿದೆ. ಯಾವುದೋ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೆ ಸ್ಪ್ರಿಂಗ್ ಸಡಿಲಾಗಿದೆ. ಒತ್ತದೆಯೇ ಒಂದು ಸ್ವರ ತಾನಾಗಿ ಕೂಗಿದರೆ ಕಾರಣವೂ ಅದೇ. ಮೂರನೆಯದಾಗಿ, ತೀರ ಮೆಲ್ಲಗೆ ಊದುತ್ತ ಎಡದಿಂದ ಬಲಕ್ಕೆ ಒಂದೊಂದೇ ಮನೆ ಒತ್ತಿ ಕೇಳಬೇಕು. ಮೆಲುಗಾಳಿಗೆ ಎಲ್ಲ ಸ್ವರ ನುಡಿದರೆ ಪೇಟಿಗೆ ಆಯುಸ್ಸಿದೆ. ಒಂದೆರಡು ಸ್ವರ ಗುಂಯ್‌ಗುಟ್ಟಿದರೆ ಅಂಜಬೇಕಿಲ್ಲ, ಅದು ಧೂಳಿರಬಹುದು ಅಥವಾ ನಾಲಗೆ ಸೀಳಿನ ಅಂಚಿಗೆ ತಾಗುತ್ತಿರಬಹುದು. ಆದರೆ ರೀಡು ಕೂರಿಸಿದ ಹಲಗೆಯೇ ಸೀಳಿದ್ದರೆ, ಮನೆಗಳ ಸಾಲೇ ಬಾಗಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟು ಬರುವುದೇ ಲೇಸು. ಚರ್ಮವನ್ನು ಬದಲಿಸಬಹುದು, ಸೊಟ್ಟಗಾದ ಮರವನ್ನು ನೆಟ್ಟಗೆ ಮಾಡುವುದು ಕಷ್ಟ.

ಗಾಳಿ ನಿಂತು, ಮನೆಗಳು ಸರಿಯಾದ ಮೇಲೆ ಶ್ರುತಿಯ ಸರದಿ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಟ್ಯೂನರ್ ಇದಕ್ಕೆ ಸಾಕು. ಮಧ್ಯ ಸಪ್ತಕದ ಬಿಳಿ ಆರು, ಅಂದರೆ ಆರನೆಯ ಬಿಳಿ ಮನೆ, ಸೆಕೆಂಡಿಗೆ 440 ಕಂಪನ ಎಂಬುದು ಈಗ ಜಗತ್ತು ಒಪ್ಪಿದ ಅಳತೆ. ಎರಡು ಸಾಲು ರೀಡಿನ ಪೇಟಿಯಲ್ಲಿ ಒಂದೇ ಮಟ್ಟದಲ್ಲಿ ನುಡಿಯಬೇಕಾದ ಎರಡು ರೀಡುಗಳಲ್ಲಿ ಒಂದು 440, ಇನ್ನೊಂದು 443 ಇದ್ದರೆ ಸೆಕೆಂಡಿಗೆ ಮೂರು ಸಲ ಅಲೆ ಎದ್ದು ಸ್ವರ ನಡುಗುತ್ತದೆ. ರೀಡಿನ ತುದಿಯಲ್ಲಿ ಎಳೆಯಷ್ಟು ಲೋಹ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೇಳಲು ಸುಲಭ, ಮಾಡಲು ಅಪಾಯ. ಕೆರೆದ ಲೋಹ ಮರಳಿ ಬರುವುದಿಲ್ಲ, ಮೇಲೆ ಕೆಳಗೆ ಕೆರೆದು ತೆಳ್ಳಗಾದ ನಾಲಗೆ ಒಂದು ದಿನ ಮುರಿಯುತ್ತದೆ. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯುವುದು, ಮುಚ್ಚಳದ ಚರ್ಮ ಸರಿಪಡಿಸುವುದು, ಸ್ಪ್ರಿಂಗ್ ಬದಲಿಸುವುದು, ತಿದಿಗೆ ತೇಪೆ ಹಾಕುವುದು ಮನೆಯಲ್ಲಿ ಮಾಡಬಹುದಾದ ಕೆಲಸ. ಕಾನಸು ಹಿಡಿಯುವುದು ಮಾತ್ರ ಕಸಬುದಾರರದು. ಶ್ರುತಿಯನ್ನು ಗಾಳಿಯ ನಂತರವೇ ಮಾಡಿಸಬೇಕು ಎನ್ನುವುದಕ್ಕೂ ಕಾರಣವಿದೆ. ಸೋರುವ ಪೇಟಿಯಲ್ಲಿ ಅಲುಗುವ ಒತ್ತಡದ ಮೇಲೆ ಕೂಡಿಸಿದ ಶ್ರುತಿ, ಸೋರಿಕೆ ನಿಂತ ದಿನ ಮತ್ತೆ ಬೇರೆಯಾಗಿ ಕೇಳುತ್ತದೆ. ಹಣ ಎರಡು ಸಲ ಬೀಳುತ್ತದೆ.

ಹೊಸ ರೀಡು, ಸ್ಕೇಲ್ ಚೇಂಜರ್, ಕಪ್ಲರ್ ಇವೆಲ್ಲ ಬರುವುದು ಇದರ ನಂತರ. ಗುಜರಾತಿನ ಪಾಲಿತಾಣಾದ ರೀಡುಗಳಿಗೆ ಹೆಸರಿದೆ, ಒಳ್ಳೆಯ ರೀಡಿನ ನಾದ ಬೇರೆಯೇ ಎಂಬುದೂ ನಿಜ. ಆದರೆ ಸೋರುವ ಪೇಟಿಗೆ ಅದನ್ನು ಕೂಡಿಸುವುದು ಪಂಚರಾದ ಸೈಕಲ್ಲಿಗೆ ಹೊಸ ಗಂಟೆ ಕಟ್ಟಿದಂತೆ. ಕಪ್ಲರ್ ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಮನೆಯನ್ನೂ ಒತ್ತುತ್ತದೆ, ಅಂದರೆ ಗಾಳಿಯ ಖರ್ಚು ಹೆಚ್ಚು. ಮೂರು ಸಾಲು ರೀಡಿನ ಪೇಟಿಗೂ ಅದೇ ಲೆಕ್ಕ. ಭಜನೆಗೆ ಖರ್ಜ ಮತ್ತು ಮಧ್ಯದ ಎರಡು ಸಾಲು ಸಾಕು. ಸ್ಕೇಲ್ ಚೇಂಜರ್ ಇದ್ದರೆ ಮನೆಗಳ ಸಾಲನ್ನೇ ಅತ್ತಿತ್ತ ಸರಿಸಿ, ಅದೇ ಬೆರಳಿನಿಂದ ಬೇರೆ ಷಡ್ಜ ಹಿಡಿಯಬಹುದು. ಗಂಡಸರು ಕರಿ ಒಂದರಲ್ಲಿ, ಹೆಂಗಸರು ಕರಿ ನಾಲ್ಕು ಐದರಲ್ಲಿ ಹಾಡುವಾಗ ಅದು ಅನುಕೂಲ. ಆದರೆ ಅಗ್ಗದ ಪೇಟಿಯಲ್ಲಿ ಈ ಸರಿಯುವ ಭಾಗಗಳೇ ಮೊದಲು ಸಡಿಲಾಗುತ್ತವೆ. ಕರಿ ಒಂದು, ಬಿಳಿ ಎರಡು, ಕರಿ ನಾಲ್ಕು ಹೀಗೆ ಮೂರು ಷಡ್ಜಗಳಿಂದ ನುಡಿಸಲು ಕಲಿತ ಬೆರಳಿಗೆ ಆ ಯಂತ್ರ ಬೇಕಿಲ್ಲ. ಕಲಿಕೆಗೆ ಖರ್ಚೂ ಇಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಒಂದೇ ಸಲ ಒಳ್ಳೆಯದನ್ನೇ ಕೊಂಡರೆ ಈ ಗೋಳು ಯಾಕೆ ಎಂಬುದು. ಹಣ ಇದ್ದವರಿಗೆ ಅದು ಸರಿಯಾದ ಮಾತು. ಆದರೆ ಕಲಿಯುವವರಿಗೆ ತಮ್ಮ ಷಡ್ಜ ಯಾವುದು, ಎಷ್ಟು ಸಪ್ತಕ ಬೇಕು, ಎಂಥ ನಾದ ಇಷ್ಟ ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಅಗ್ಗದ ಪೇಟಿ ಅದನ್ನು ಕಲಿಸುತ್ತದೆ, ಆಮೇಲೆ ಕೊಳ್ಳುವ ದೊಡ್ಡ ಪೇಟಿಯ ಆಯ್ಕೆ ತಪ್ಪುವುದಿಲ್ಲ. ಮಿತಿಯೂ ಇರಬೇಕು. ಅದೇ ಅಳತೆಯ ಹೊಸ ಪೇಟಿಯ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ರಿಪೇರಿ ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಎರಡನೆಯ ಆಕ್ಷೇಪ ಕೀಬೋರ್ಡಿನದು. ಅದಕ್ಕೆ ಶ್ರುತಿ ಕೆಡುವುದಿಲ್ಲ, ತಿದಿ ಹರಿಯುವುದಿಲ್ಲ, ನೂರಾರು ನಾದ ಕೊಡುತ್ತದೆ. ರಸಮಂಜರಿಗೆ ಅದೇ ಸರಿ. ಆದರೆ ಅದಕ್ಕೆ ವಿದ್ಯುತ್ತೋ ಬ್ಯಾಟರಿಯೋ ಬೇಕು, ಮೇಳದ ನಡುವೆ ಕೇಳಿಸಲು ಸ್ಪೀಕರ್ ಬೇಕು, ಒಳಗಿನ ಬೋರ್ಡು ಸುಟ್ಟರೆ ಊರಿನ ಕೈಗೆ ಅದು ದಕ್ಕುವುದಿಲ್ಲ. ಮಿಗಿಲಾಗಿ, ಪೇಟಿಯಲ್ಲಿ ಎಡಗೈ ಸ್ವರವನ್ನು ಉಬ್ಬಿಸುತ್ತ ಇಳಿಸುತ್ತ ಹಾಡುವವರ ಉಸಿರಿನ ಜೊತೆ ನಡೆಯಬಲ್ಲದು. ಅಗ್ಗದ ಕೀಬೋರ್ಡು ಒತ್ತಿದ ಸ್ವರವನ್ನು ಒತ್ತಿದಂತೆಯೇ ಬಿಡುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪೇಟಿಯ ಸ್ವರವೇ ನಮ್ಮ ಸಂಗೀತಕ್ಕೆ ಪೂರ್ತಿ ಶುದ್ಧವಲ್ಲದಿರುವಾಗ ಅದರ ಶ್ರುತಿಗೆ ಇಷ್ಟು ಶ್ರಮ ಯಾಕೆ? ಈ ತಕರಾರು ಎಷ್ಟು ಬಲವಾಗಿತ್ತೆಂದರೆ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, 1971ರ ಹೊತ್ತಿಗೆ ಆ ನಿಷೇಧ ಸಡಿಲವಾಯಿತು. ತಕರಾರಿನಲ್ಲಿ ಹುರುಳಿದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪೇಟಿಯಲ್ಲಿ ಗಾಂಧಾರ ತಂಬೂರಿಯ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಸಪ್ತಕಕ್ಕೆ 1200 ಸೆಂಟ್. ಪಂಚಮದಲ್ಲಿ ವ್ಯತ್ಯಾಸ ಬರೀ ಎರಡು. ಅಂದರೆ ಪೇಟಿಯ ದೋಷಕ್ಕೂ ಒಂದು ಲೆಕ್ಕವಿದೆ, ಆ ಲೆಕ್ಕ ತಿಳಿದು ಬೆಳಗಾವಿಯ ಆರ್.ಕೆ. ಬಿಜಾಪುರೆ, ಧಾರವಾಡದ ವಸಂತ ಕನಕಾಪುರ ಅವರಂಥವರು ಈ ವಾದ್ಯವನ್ನು ದೊಡ್ಡ ಕಛೇರಿಗಳಲ್ಲಿ ನಿಲ್ಲಿಸಿದರು. ಮಹಾರಾಷ್ಟ್ರದ ಡಾ. ವಿದ್ಯಾಧರ ಓಕ್ 22 ಶ್ರುತಿಗಳ ಹಾರ್ಮೋನಿಯಂ ರೂಪಿಸಿ ಈ ಕೊರತೆಗೆ ಉತ್ತರ ಹುಡುಕಿದರು. ಆದರೆ ಶ್ರುತಿ ಕೂಡಿಸದ ಪೇಟಿಯ ದೋಷಕ್ಕೆ ಲೆಕ್ಕವೇ ಇಲ್ಲ, ಒಂದು ಸ್ವರ ಏರಿದ್ದರೆ ಪಕ್ಕದ್ದು ಇಳಿದಿರುತ್ತದೆ. ಕಲಿಯುವ ಕಿವಿಗೆ ಹಾನಿ ಮಾಡುವುದು ಅದು. ಯಾವಾಗಲೂ ಒಂದೇ ಷಡ್ಜದಲ್ಲಿ ಹಾಡುವ ಮಂಡಳಿಯಾದರೆ, ಆ ಷಡ್ಜಕ್ಕೆ ಹೊಂದುವ ಸಹಜ ಗಾಂಧಾರ, ಧೈವತಗಳನ್ನೇ ಕೂಡಿಸಿಕೊಡಲು ಕಸಬುದಾರರನ್ನು ಕೇಳಬಹುದು. ಆದರೆ ಮುಂದೆ ಷಡ್ಜ ಬದಲಿಸಿದರೆ ಅದೇ ಪೇಟಿ ಅಪಸ್ವರವಾಗುತ್ತದೆ ಎಂಬುದು ನೆನಪಿರಲಿ.

ಈ ಕ್ರಮ ಪೇಟಿಗಷ್ಟೇ ಸಲ್ಲುವುದಲ್ಲ. ಜಾತ್ರೆಯ ಆರ್ಕೆಸ್ಟ್ರಾಕ್ಕೆಂದು ಅಗ್ಗದ ಬೇಸ್ ಗಿಟಾರ್ ಕೊಳ್ಳುವ ಹುಡುಗರೂ ಇದೇ ತಪ್ಪು ಮಾಡುತ್ತಾರೆ, ಧ್ವನಿ ಸಾಲದೆಂದು ಮೊದಲು ಪಿಕಪ್ ಬದಲಿಸುತ್ತಾರೆ. ಹೊಸ ತಂತಿ ಹಾಕಿ, ಕುತ್ತಿಗೆಯ ಬಾಗು ತಿದ್ದಿ, ತಂತಿಯ ಎತ್ತರ ಇಳಿಸಿ, ಹನ್ನೆರಡನೆಯ ಮನೆಯಲ್ಲಿ ಸರಿಯಾಗಿ ಮೇಲಿನ ಸಪ್ತಕ ನುಡಿಯುವಂತೆ ಬ್ರಿಜ್ ಹೊಂದಿಸಿದರೆ ಪಿಕಪ್ಪಿನ ಯೋಚನೆಯೇ ಬರದೆ ಹೋಗಬಹುದು. ವಾದ್ಯ ಯಾವುದೇ ಇರಲಿ, ಸ್ವರ ಹುಟ್ಟುವ ಮತ್ತು ನಿಲ್ಲುವ ಜಾಗಕ್ಕೆ ಮೊದಲ ರೂಪಾಯಿ ಹೋಗಬೇಕು.

ಹೊಸ ಪೇಟಿಗೆ ವಂತಿಗೆ ಎತ್ತಲು ಹೊರಟ ಮಂಡಳಿಗಳು ಮೊದಲು ಗುಡಿಯ ಮೂಲೆಯ ಹಳೆಯದನ್ನು ಹೊರತೆಗೆದು, ಮೇಲೆ ಹೇಳಿದ ಗಾಳಿ ಪರೀಕ್ಷೆ ಮಾಡಿ ನೋಡಲಿ. ಮರ ಗಟ್ಟಿಯಿದ್ದರೆ ಅದನ್ನೇ ಎಬ್ಬಿಸಲಿ. ಉಳಿದ ಹಣದಲ್ಲಿ ಇಲಿ ಬಾರದ, ಧೂಳು ಹೋಗದ ಒಂದು ಪೆಟ್ಟಿಗೆ ಮಾಡಿಸಲಿ. ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪೇಟಿ ರಿಪೇರಿ ಬಲ್ಲವರ ಹತ್ತಿರ ಕೆಲವು ತಿಂಗಳು ಕಲಿಯಲು ಕಳಿಸಲಿ. ಹತ್ತು ಊರಿಗೆ ಇಂಥ ಒಬ್ಬರು ಇದ್ದರೆ ಅಗ್ಗದ ಪೇಟಿಗೂ ಬಹಳ ವರ್ಷ ಹಾಡುವ ಶಕ್ತಿ ಇರುತ್ತದೆ. ಅವರು ಇಲ್ಲದಿದ್ದರೆ ದುಬಾರಿ ಪೇಟಿಯೂ ಒಂದು ದಿನ ಅದೇ ಮೂಲೆ ಸೇರುತ್ತದೆ.