ಭೂತಕ್ಕೆ ಯಾರ ಮುಖ?

ಪುಸ್ತಕದಲ್ಲಿದ್ದ ಪೀವ್ಸ್ ಸಿನಿಮಾದಲ್ಲಿ ಎಲ್ಲಿ ಹೋದ? ಪುಣೆಯ ಕೋಥರೂಡಿನಲ್ಲಿ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ವರ್ಷಕ್ಕೊಮ್ಮೆ ತಪ್ಪಿದ್ದಲ್ಲ. ಹ್ಯಾರಿ ಪಾಟರ್ ಕಾದಂಬರಿಗಳ ತುಂಬ ಕಿಡಿಗೇಡಿತನ ಮಾಡಿಕೊಂಡು ತಿರುಗುವ ಈ ಭೂತ ಎಂಟು ಚಿತ್ರಗಳಲ್ಲಿ ಒಂದರಲ್ಲೂ ತಲೆ ಹಾಕುವುದಿಲ್ಲ. ಇನ್ನೂ ದೊಡ್ಡ ತರಗತಿಯವರದು ಟಾಮ್ ಬಾಂಬಡಿಲ್ ತಕರಾರು. ಟಾಲ್ಕಿನ್ನರ ‘ಲಾರ್ಡ್ ಆಫ್ ದ ರಿಂಗ್ಸ್’ನಿಂದ ಆ ಹಾಡುಗಾರ ಮುದುಕನನ್ನು ಪೀಟರ್ ಜಾಕ್ಸನ್ ಕೈಬಿಟ್ಟರು. ಅದೇ ಜಾಕ್ಸನ್ 1937ರ ಸಣ್ಣ ಪುಸ್ತಕ ‘ದ ಹಾಬಿಟ್’ ಅನ್ನು 2012ರಿಂದ 2014ರವರೆಗೆ ಮೂರು ಸಿನಿಮಾಗಳಾಗಿ ಎಳೆದರು. ಕಡಿಮೆಯಾದರೂ ಜಗಳ, ಹೆಚ್ಚಾದರೂ ಜಗಳ.

ಏನು ಬಿಟ್ಟರು, ಏನು ಸೇರಿಸಿದರು ಎಂಬ ಈ ಲೆಕ್ಕಾಚಾರದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಅದ್ಭುತದ ಕಥೆಗೆ ಪರೀಕ್ಷೆ ಬೇರೆಯೇ ಇದೆ. ‘ಅವಳು ಮರವಾದಳು’ ಎಂದರೆ ಕಥೆಗಾರನ ಕೆಲಸ ಮುಗಿಯಿತು. ಎಂಥ ಮರ, ಮೊದಲು ಕೈ ಕೊಂಬೆಯಾಯಿತೋ ಕಾಲು ಬೇರಾಯಿತೋ ಎಂಬುದೆಲ್ಲ ಕೇಳುವವರ ಪಾಲು. ಕ್ಯಾಮೆರಾಕ್ಕೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಅದು ಯಾವುದೋ ಒಂದು ಮರವನ್ನು, ಯಾರದೋ ಒಂದು ಮುಖವನ್ನು ತೋರಿಸಲೇಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ ಕೊನೆಯಲ್ಲಿ ಬರುತ್ತದೆ. ಮೂಲಕಥೆಯಲ್ಲಿ ಮಾಯೆಗೆ ತೆತ್ತ ಬೆಲೆಯನ್ನು ಸಿನಿಮಾ ಉಳಿಸಿಕೊಂಡಿತೋ, ಮನ್ನಾ ಮಾಡಿತೋ?

ಇದನ್ನು ನೋಡಲು ಹಾಲಿವುಡ್‌ವರೆಗೆ ಹೋಗಬೇಕಾಗಿಲ್ಲ. ಕೊಲ್ಹಾಪುರದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಬಂದು ಸ್ಟುಡಿಯೋ ಕಟ್ಟಿತು. ತುಕಾರಾಮರು ಸಶರೀರ ವೈಕುಂಠಕ್ಕೆ ಹೊರಟದ್ದನ್ನು 1936ರಲ್ಲಿ ಪರದೆಯ ಮೇಲೆ ತೋರಿಸಿದ್ದು ಈ ಕಂಪನಿಯೇ. ಅದೇ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ನಾಲ್ಕು ವರ್ಷ ಕಳೆದು ಊರಿಗೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಬಂತು. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಪುಣೆಯ ಮೇಲೆ ಮೊದಲು ಪ್ರೀತಿ ಹುಟ್ಟಿಸಿದ್ದು ಆ ಸಂಗ್ರಹಾಲಯದ ಪ್ರದರ್ಶನಗಳೇ, ಅತ್ತೆಯವರ ಪುರಣಪೋಳಿ ಆಮೇಲೆ.

ಇನ್‌ಸ್ಟಿಟ್ಯೂಟಿನಲ್ಲಿ ಋತ್ವಿಕ್ ಘಟಕ್ ಅವರ ಕೈಯಲ್ಲಿ ಕಲಿತ ಮಣಿ ಕೌಲ್ 1973ರಲ್ಲಿ ‘ದುವಿಧಾ’ ಮಾಡಿದರು. ಕಥೆ ವಿಜಯದಾನ ದೇಥಾ ಅವರದು. ಜೋಧಪುರ ಜಿಲ್ಲೆಯ ಬೋರುಂದಾ ಎಂಬ ಹಳ್ಳಿಯಲ್ಲಿ ಕುಳಿತು, ಜನರ ಬಾಯಲ್ಲಿದ್ದ ಕಥೆಗಳನ್ನು ರಾಜಸ್ಥಾನಿಯಲ್ಲಿ ತಮ್ಮದೇ ರೀತಿಯಲ್ಲಿ ಬರೆದು 14 ಸಂಪುಟ ತುಂಬಿಸಿದವರು ಅವರು. ಮದುವೆಯ ದಿಬ್ಬಣ ಮರದ ಕೆಳಗೆ ತಂಗುತ್ತದೆ. ಮರದಲ್ಲಿದ್ದ ಭೂತ ಮದುಮಗಳಿಗೆ ಮನಸೋಲುತ್ತದೆ. ಗಂಡ ವ್ಯಾಪಾರಕ್ಕೆಂದು ಐದು ವರ್ಷ ದೂರ ಹೋದಾಗ ಅವನ ರೂಪ ತೊಟ್ಟು ಮನೆಗೆ ಬರುತ್ತದೆ. ಆದರೆ ಅವಳೆದುರು ಮಾತ್ರ ನಿಜ ಹೇಳುತ್ತದೆ, ಅವಳು ಒಪ್ಪುತ್ತಾಳೆ. ಅಸಲಿ ಗಂಡ ತಿರುಗಿ ಬಂದಾಗ ಯಾರು ಯಾರೆಂದು ಊರಿಗೆಲ್ಲ ಗೊಂದಲ. ಕುರುಬನೊಬ್ಬ ಉಪಾಯ ಮಾಡಿ ಭೂತವನ್ನು ತೊಗಲಿನ ನೀರುಚೀಲದೊಳಗೆ ಹೊಗಿಸಿ ಬಾಯಿ ಬಿಗಿಯುತ್ತಾನೆ. ಹೆಣ್ಣು ತಾನು ಒಲಿಯದ ಗಂಡನ ಜೊತೆ ಉಳಿಯುತ್ತಾಳೆ.

ನಮ್ಮವರಿಗೆ ಇದು ಕೇಳಿದ ಕಥೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿ ಗಿರೀಶ ಕಾರ್ನಾಡರು ‘ನಾಗಮಂಡಲ’ವಾಗಿಸಿದ ಕಥೆಯಲ್ಲಿ ಭೂತದ ಬದಲು ನಾಗ. ಕಾರ್ನಾಡರು ಒಂದು ಮುಕ್ತಾಯಕ್ಕೆ ತೃಪ್ತರಾಗದೆ ನಾಟಕಕ್ಕೆ ಇನ್ನೊಂದನ್ನೂ ಕೊಟ್ಟರು. ಒಂದರಲ್ಲಿ ನಾಗ ಸಾಯುತ್ತದೆ, ಇನ್ನೊಂದರಲ್ಲಿ ನಾಯಕಿ ರಾಣಿಯ ಮುಡಿಯಲ್ಲಿ ಬದುಕುತ್ತದೆ. 1997ರಲ್ಲಿ ಈ ನಾಟಕದ ಮೇಲೆ ನಾಗಾಭರಣರ ಚಿತ್ರ ಬಂದಾಗ ಗಂಡನಿಗೂ ನಾಗನಿಗೂ ಪ್ರಕಾಶ್ ರೈ ಅವರದೇ ಮುಖ.

ಮಣಿ ಕೌಲ್ ಅವರ ಭೂತಕ್ಕೂ ಗಂಡನ ಮುಖವೇ. ಹೊಗೆಯಿಲ್ಲ, ಮಿಂಚಿಲ್ಲ, ಕೋರೆಹಲ್ಲಂತೂ ಇಲ್ಲವೇ ಇಲ್ಲ. ಬಿಳಿ ಗೋಡೆ, ಕೆಂಪು ಸೀರೆ, ಮಧ್ಯೆ ಮಧ್ಯೆ ಕದಲದೆ ನಿಂತುಬಿಡುವ ಚಿತ್ರಗಳು, ಮೇಲೊಂದು ನಿರೂಪಣೆಯ ದನಿ. ಕ್ಯಾಮೆರಾ ನವ್ರೋಜ್ ಕಾಂಟ್ರಾಕ್ಟರ್ ಅವರದು, ಇನ್‌ಸ್ಟಿಟ್ಯೂಟಿನವರೇ, ಮುಂದೆ ಬೆಂಗಳೂರಿಗರಾದವರು. ಚಿತ್ರೀಕರಣ ನಡೆದದ್ದು ದೇಥಾ ಅವರ ಬೋರುಂದಾದಲ್ಲೇ. ನೋಡುತ್ತಿದ್ದಂತೆ ಪಾತ್ರಗಳನ್ನು ದಿಟ್ಟಿಸುವುದಕ್ಕಿಂತ ಕಥೆಯನ್ನು ಕೇಳುತ್ತಿದ್ದೇವೆ ಅನ್ನಿಸತೊಡಗುತ್ತದೆ. ಒಂದೂವರೆ ಗಂಟೆಯೂ ಇಲ್ಲದ ಚಿತ್ರ. ಆದರೂ ಪಕ್ಕದವರು ಆಕಳಿಸುತ್ತಾರೆ, ಅದನ್ನು ಮುಚ್ಚಿಡುವುದು ಬೇಡ. ಈ ಚಿತ್ರಕ್ಕಾಗಿ ಕೌಲ್ ಅವರಿಗೆ ಶ್ರೇಷ್ಠ ನಿರ್ದೇಶಕರ ರಾಷ್ಟ್ರಪ್ರಶಸ್ತಿ ಬಂತು.

ಅದೇ ಕಥೆಯನ್ನು 2005ರಲ್ಲಿ ಅಮೋಲ್ ಪಾಲೇಕರ್ ‘ಪಹೇಲಿ’ ಮಾಡಿದರು. ಶಾರುಖ್ ಖಾನ್, ರಾಣಿ ಮುಖರ್ಜಿ, ಹಾಡು, ಒಂಟೆ ಓಟ, ನಸೀರುದ್ದೀನ್ ಶಾ ಮತ್ತು ರತ್ನಾ ಪಾಠಕ್ ಅವರ ದನಿಯಲ್ಲಿ ಹರಟುವ ಎರಡು ಗೊಂಬೆಗಳು. ಇಲ್ಲಿ ಭೂತ ಹಕ್ಕಿಯಾಗುತ್ತದೆ, ಅಳಿಲಾಗುತ್ತದೆ; ತೋರಿಸಬಹುದಾದದ್ದನ್ನೆಲ್ಲ ತೋರಿಸಿಬಿಡುತ್ತಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಗೊಂಬೆಗಳಂತೂ ಬಲು ಇಷ್ಟ. ಆಕ್ಷೇಪ ಕೊನೆಯದು. ಚೀಲದಿಂದ ತಪ್ಪಿಸಿಕೊಂಡ ಭೂತ ಗಂಡನ ಮೈ ಹೊಕ್ಕು, ಪ್ರೀತಿಸಿದವಳ ಜೊತೆ ಸುಖವಾಗಿರುತ್ತದೆ. ಹೆಣ್ಣಿನ ಆಸೆಯನ್ನು ಯಾಕೆ ಚೀಲದಲ್ಲಿ ಕಟ್ಟಿ ಎಸೆಯಬೇಕು ಎಂದು ಪಾಲೇಕರ್ ಕೇಳಿದಂತಿದೆ; ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮೈಯಲ್ಲಿದ್ದ ಬಡಪಾಯಿ ವ್ಯಾಪಾರಿಯ ಗತಿ ಏನಾಯಿತು? ಚಿತ್ರಕ್ಕೆ ಆ ಚಿಂತೆ ಇಲ್ಲ. ದೇಥಾ ಕಥೆಯಲ್ಲಿ ಬೆಲೆ ತೆತ್ತವಳು ಹೆಣ್ಣು, ‘ಪಹೇಲಿ’ಯಲ್ಲಿ ತೆತ್ತವನ ಹೆಸರನ್ನು ಲೆಕ್ಕದ ಪುಸ್ತಕದಿಂದಲೇ ಅಳಿಸಿದ್ದಾರೆ.

ಪುಣೆಯವರಿಗೆ ಇನ್ನೂ ಹತ್ತಿರದ್ದು ‘ತುಂಬಾಡ್’. ಈ ಊರಿನಲ್ಲೇ ಬದುಕಿ 2008ರಲ್ಲಿ ತೀರಿಕೊಂಡ ನಾರಾಯಣ ಧಾರಪ್ ಮರಾಠಿಯ ಹೆಸರಾಂತ ಭಯಾನಕ ಕಥೆಗಾರರು. ಅವರ ‘ಆಜಿ’ ಕಥೆಗೆ ಸ್ಟೀಫನ್ ಕಿಂಗ್ ಅವರ ‘ಗ್ರಾಮಾ’ ಮೂಲ. ಮನೆಯಲ್ಲೊಬ್ಬ ಭಯಂಕರ ಅಜ್ಜಿ, ಅವಳ ಜೊತೆ ಸಿಕ್ಕಿಕೊಂಡ ಮಗು. ಈ ಎಳೆ ಹಿಡಿದು ರಾಹಿ ಅನಿಲ್ ಬರ್ವೆ 2018ರಲ್ಲಿ ಚಿತ್ರ ತಂದರು. ಪುಣೆಯ ಬಳಿಯ ಸಾಸವಡದ ಹಳೇ ವಾಡೆಯಲ್ಲಿ ಚಿತ್ರೀಕರಣ ನಡೆಯಿತು, ಚಿತ್ರದುದ್ದಕ್ಕೂ ಬಿಡದ ಮಳೆ. ಅಜ್ಜಿಯನ್ನು ಮಲಗಿಸಲು ‘ಹಸ್ತರ್’ ಎಂಬ ದೈವದ ಹೆಸರು ಹೇಳಬೇಕು. ಕಿಂಗ್ ಕಥೆಯಲ್ಲೂ ಹಾಸ್ಟುರ್ ಇದ್ದಾನೆ, ಅದಕ್ಕೂ ಹಿಂದೆ 19ನೇ ಶತಮಾನದ ಅಮೆರಿಕನ್ ಲೇಖಕ ಆಂಬ್ರೋಸ್ ಬಿಯರ್ಸ್ ಅವರ ಕಥೆಯಲ್ಲಿ ಕುರುಬರ ದೇವರಾಗಿ ಬರುತ್ತಾನೆ. ಅಲ್ಲಿಂದ ಕೊಂಕಣದ ಗರ್ಭಗುಡಿಯವರೆಗೆ ಅವನ ಸವಾರಿ. ಬರ್ವೆ ಕಿಂಗ್ ಬಳಿ ಇಲ್ಲದ ಒಂದನ್ನು ಸೇರಿಸಿದರು: ದುರಾಸೆ. ಹಸ್ತರನ ಸೊಂಟದ ಬಂಗಾರಕ್ಕೆ ಕೈಹಾಕಿದವರು ಬೆಲೆ ತೆರುತ್ತಾರೆ, ಚಿತ್ರ ರಿಯಾಯಿತಿ ಕೊಡುವುದಿಲ್ಲ. ಮೂಲವನ್ನು ಇಷ್ಟೊಂದು ಬದಲಿಸಿಯೂ ಅದು ಗೆದ್ದದ್ದು ಇದರಿಂದಲೇ ಎಂದು ನನ್ನ ಅಭಿಪ್ರಾಯ.

ಇನ್ನು, ಮರವಾದವಳ ಮಾತು. ಕನ್ನಡದ ಹೂವಿನ ಗಿಡದ ಹುಡುಗಿಯ ಕಥೆಯನ್ನು ರಾಮಾನುಜನ್ ಸಂಗ್ರಹಿಸಿ ಜಗತ್ತಿಗೆ ಮುಟ್ಟಿಸಿದರು. ಒಂದು ಕೊಡ ನೀರು ಸುರಿದರೆ ಗಿಡ, ಇನ್ನೊಂದು ಸುರಿದರೆ ಹುಡುಗಿ. ಉಗುರು ತಾಗದಂತೆ ಹೂ ಕೀಳಬೇಕು. ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿಯುತ್ತಾರೆ, ಅವಳು ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಕಾರ್ನಾಡರು 1974-75ರಲ್ಲಿ ಇದೇ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. 1992ರಲ್ಲಿ ಈ ಕಥೆಯನ್ನು ಹಿಂದಿಯಲ್ಲಿ ‘ಚೆಲುವಿ’ ಮಾಡಿದರು. ನಾಯಕಿ ಪುಣೆಯ ಹುಡುಗಿ ಸೋನಾಲಿ ಕುಲಕರ್ಣಿ, ಅವರಿಗದು ಮೊದಲ ಚಿತ್ರ. ಜಾನಪದ ಕಥೆಯಲ್ಲಿ ಗಂಡ ಮುರಿದ ಕೊಂಬೆಗಳನ್ನು ಸರಿಪಡಿಸಿ ನೀರೆರೆದು ಅವಳನ್ನು ಮೊದಲಿನಂತಾಗಿಸುತ್ತಾನೆ. ಕಾರ್ನಾಡರು ಆ ಸಮಾಧಾನವನ್ನು ಕಿತ್ತುಕೊಂಡರು. ಪಾಲೇಕರ್ ಮನ್ನಾ ಮಾಡಿದ ಬೆಲೆಯನ್ನು ಇವರು ಬಡ್ಡಿ ಸಮೇತ ವಸೂಲು ಮಾಡಿದರು. ಕಾಡು ಕಡಿಯುವ ನಮ್ಮ ಕಾಲಕ್ಕೆ ಕಥೆ ಹಾಗೇ ಮುಗಿಯಬೇಕಿತ್ತು.

ಮೂಲಕ್ಕೆ ನಿಷ್ಠೆ ಎಂಬ ತಕ್ಕಡಿಯಲ್ಲಿ ತೂಗಿದರೆ ‘ಚೆಲುವಿ’ಯೂ ‘ಪಹೇಲಿ’ಯೂ ಒಂದೇ ಅಪರಾಧ ಮಾಡಿವೆ: ಕೊನೆ ಬದಲಿಸಿವೆ. ಆದರೂ ನನ್ನ ಓಟು ‘ಚೆಲುವಿ’ಗೆ, ‘ದುವಿಧಾ’ಕ್ಕೆ ಎರಡನೆಯದು. ಮನೆಯಲ್ಲಿ ಮಕ್ಕಳಿದ್ದರೆ ‘ತುಂಬಾಡ್’ ಬದಿಗಿಡಿ. ಹೂವಿನ ಗಿಡದ ಕಥೆಯನ್ನು ಮೊದಲು ನೀವೇ ಬಾಯಲ್ಲಿ ಹೇಳಿ, ಅವರ ಕೈಗೆ ಬಣ್ಣ ಕೊಟ್ಟು ಆ ಗಿಡ ಬರೆಸಿ, ಸಿನಿಮಾ ಆಮೇಲೆ ಹಾಕಿ.