ನಿಮಗಿದು ಗೊತ್ತೇ?: ಊರ ತುಂಬ ಜನ, ಊರಿನವರೇ ಇಲ್ಲ!

● ಇಟಲಿಯ ವೆನಿಸ್‌ನಲ್ಲಿ ರಿಯಾಲ್ಟೊ ಸೇತುವೆಯ ಹತ್ತಿರ ಒಂದು ಔಷಧಿ ಅಂಗಡಿಯಿದೆ. ಅದರ ಗಾಜಿನ ಹಿಂದೆ 2008ರಿಂದ ಒಂದು ಡಿಜಿಟಲ್ ಫಲಕ ಮಿನುಗುತ್ತಿದೆ. ಹಳೇ ನಗರದಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕ ಅದು! 1951ರಲ್ಲಿ ಅಲ್ಲಿದ್ದವರು ಸುಮಾರು 1.75 ಲಕ್ಷ. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು.

● 2023ರ ಹೊತ್ತಿಗೆ ಅಲ್ಲಿ ಪ್ರವಾಸಿಗರಿಗೆಂದು ಹಾಕಿದ ಮಂಚಗಳೇ ನಿವಾಸಿಗಳಿಗಿಂತ ಹೆಚ್ಚಾದವು. ತಿಂಗಳ ಬಾಡಿಗೆಗಿಂತ ದಿನಬಾಡಿಗೆಯಲ್ಲೇ ಲಾಭವೆಂದಾಗ ಮನೆ ಸಿಗುವುದು ಯಾರಿಗೆ?

● ಬೆಳಿಗ್ಗೆ ಬಂದು ಸಂಜೆ ಹೊರಡುವವರಿಗೆ ವೆನಿಸ್ ಪ್ರವೇಶ ಶುಲ್ಕ ಹಾಕಿದೆ. 2024ರ ಏಪ್ರಿಲ್ 25ರಂದು ಶುರುವಾದಾಗ ಈ ಶುಲ್ಕ ಜನಸಂದಣಿಯ ದಿನಗಳಲ್ಲಿ 5 ಯೂರೊ ಇತ್ತು. ರಾತ್ರಿ ತಂಗುವವರಿಗೆ ವಿನಾಯಿತಿ.

● ಸ್ಪೇನ್‌ನ ಬಾರ್ಸಿಲೋನಾದಲ್ಲಿ ಗುಡ್ಡದ ಬಡಾವಣೆಗೆ ಹೋಗುವ 116ನೇ ನಂಬರಿನ ಪುಟ್ಟ ಬಸ್ಸು ಪಾರ್ಕ್ ಗುವೆಲ್ ನೋಡಲು ಬಂದವರಿಂದಲೇ ತುಂಬಿಹೋಗುತ್ತಿತ್ತು. ಊರುಗೋಲು ಹಿಡಿದ ಹಿರಿಯರು ಹತ್ತುವಂತಿರಲಿಲ್ಲ. 2024ರಲ್ಲಿ ಆ ಮಾರ್ಗವನ್ನು ಗೂಗಲ್ ಮ್ಯಾಪ್‌ನಿಂದಲೇ ತೆಗೆಸಲಾಯಿತು. ಬಸ್ಸು ಮೊದಲಿನಂತೆಯೇ ಓಡುತ್ತಿದೆ, ಸೀಟು ಊರಿನವರಿಗೆ ಸಿಗತೊಡಗಿತು!

● ಅದೇ ವರ್ಷ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಪ್ರವಾಸಿಗರ ದಟ್ಟಣೆಯನ್ನು ವಿರೋಧಿಸಿದ ಪ್ರತಿಭಟನಕಾರರು ಹೋಟೆಲ್ ಹೊರಗೆ ಕುಳಿತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಯಿಂದ ನೀರು ಹಾರಿಸಿದರು. ಅದಕ್ಕೂ ಮುಂಚೆಯೇ ಮೇಯರ್ ಜೌಮೆ ಕೊಲ್ಬೊನಿ ಪ್ರವಾಸಿ ಫ್ಲ್ಯಾಟುಗಳ 10,101 ಪರವಾನಗಿಗಳನ್ನು 2028ರೊಳಗೆ ಕೊನೆಗಾಣಿಸುವುದಾಗಿ ಘೋಷಿಸಿದ್ದರು.

● ‘ದೂರವಿರಿ’ ಎಂದು ಜಾಹೀರಾತು ಕೊಟ್ಟ ನಗರವೂ ಇದೆ. ಕುಡಿದು ಕುಣಿಯಲು ಬರುವ ಬ್ರಿಟನ್‌ನ ಯುವಕರನ್ನು ತಡೆಯಲು ಆಮ್‌ಸ್ಟರ್‌ಡ್ಯಾಮ್ 2023ರಲ್ಲಿ ಹೀಗೆ ಮಾಡಿತು. ಅಗ್ಗದ ಹೋಟೆಲ್ ಹುಡುಕಿದವರ ಪರದೆಯ ಮೇಲೆ ಬಂದದ್ದು ದಂಡ, ಬಂಧನದ ಎಚ್ಚರಿಕೆ! ಮರುವರ್ಷ ಅಲ್ಲಿನ ಪ್ರವಾಸಿ ತೆರಿಗೆ ಶೇ 12.5ಕ್ಕೆ ಏರಿತು.

● ರೋಮ್‌ನ ಪ್ರಸಿದ್ಧ ‘ಸ್ಪ್ಯಾನಿಷ್ ಮೆಟ್ಟಿಲು’ಗಳ ಮೇಲೆ ಕಾಲು ನೋಯುತ್ತದೆಂದು ಕುಳಿತುಬಿಟ್ಟೀರಿ, ಜೋಕೆ! 2019ರಿಂದ ಅದಕ್ಕೆ ದಂಡ ಬೀಳುತ್ತದೆ.

● ಅಥೆನ್ಸ್‌ನ ಆಕ್ರೊಪೊಲಿಸ್ ಗುಡ್ಡಕ್ಕೆ 2023ರ ಸೆಪ್ಟೆಂಬರ್‌ನಿಂದ ದಿನಕ್ಕೆ 20 ಸಾವಿರ ಮಂದಿಗಷ್ಟೇ ಪ್ರವೇಶ.

● ಕ್ರೂಸ್ ಹಡಗಿನವರು ಉಣ್ಣುವುದೂ ಮಲಗುವುದೂ ಹಡಗಿನಲ್ಲೇ. ಊರಿಗೆ ಸಿಗುವುದು ಕೆಲವು ಗಂಟೆಗಳ ನೂಕುನುಗ್ಗಲು. ಹೀಗಾಗಿ ಕ್ರೊಯೇಷಿಯಾದ ಡುಬ್ರೊವ್ನಿಕ್ 2019ರಲ್ಲಿ ದಿನಕ್ಕೆ ಎರಡೇ ಹಡಗು ಎಂದು ಮಿತಿ ಹಾಕಿತು.

● ಆದರೂ ಪ್ರವಾಸಿಗರ ದುಡ್ಡು ಯಾರಿಗೂ ಬೇಡವಾಗಿಲ್ಲ. ಬಾರ್ಸಿಲೋನಾದಲ್ಲಿ ಸರ್ಕಾರಿ ಶಾಲೆಗಳ ಸೋಲಾರ್ ಫಲಕ, ಕೊಠಡಿ ತಂಪಾಗಿಸುವ ಯಂತ್ರಗಳಿಗೆ ಹಣ ಬರುತ್ತಿರುವುದು ಪ್ರವಾಸಿ ತೆರಿಗೆಯಿಂದಲೇ!