ಧರ್ಮ ಸಾರಲು ಬಂದ ಹುಡುಗರು ಕನ್ನಡ ಕಲಿತ ಕಥೆ

ಮಯೂರ್ ವಿಹಾರ್: ಇಲ್ಲಿನ ಕನ್ನಡಿಗರ ಮನೆಗಳಿಗೆ ಹೋದರೆ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆ, ಮೈಸೂರಿನ ಗಂಧದ ಕೆತ್ತನೆಗಳ ಪಕ್ಕದಲ್ಲಿ ಕೆಲವೊಮ್ಮೆ ಒಂದು ದಪ್ಪ ಪುಸ್ತಕವೂ ಕಾಣಸಿಗುತ್ತದೆ. ಅದು ಕಿಟೆಲ್ ನಿಘಂಟು. ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್ ಸಂಸ್ಥೆ ಇದನ್ನು ಮರುಮುದ್ರಿಸಿದ್ದರಿಂದ ರಾಜಧಾನಿಯ ಕನ್ನಡಿಗರು ಊರಿಗೆ ಹೋಗದೆಯೇ ಕೊಳ್ಳುವಂತಾಗಿತ್ತು.

‘ಕಿಟೆಲ್ ಅಂದರೆ ಯಾರು?’ ಎಂದು ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಕೇಳಿದರೆ ‘ಒಬ್ಬ ಜರ್ಮನ್ ಪಾದ್ರಿ’ ಎಂದು ಹೇಳಿ ಮಾತು ಮುಗಿಸುತ್ತೇವೆ. ಗಡ್ಡ ಬಿಟ್ಟ ಹಿರಿಯರ ಚಿತ್ರವೊಂದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ 1853ರಲ್ಲಿ ಫರ್ಡಿನಾಂಡ್ ಕಿಟೆಲ್ ನಮ್ಮ ನಾಡಿಗೆ ಬಂದಾಗ ಅವರಿಗೆ ಕೇವಲ 21 ವರ್ಷ. ಇಂದು ಮಯೂರ್ ವಿಹಾರದಿಂದ ಮೆಟ್ರೊ ಹತ್ತಿ ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ವಯಸ್ಸು.

ಬಾಸೆಲ್‌ನಿಂದ ಮಂಗಳೂರಿಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಬಾಸೆಲ್ ಮಿಷನ್. ಇಲ್ಲಿ ತರಬೇತಿ ಪಡೆದು ಹೊರನಾಡಿಗೆ ಹೊರಟವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ ಮತ್ತು ಕುಶಲಕರ್ಮಿಗಳ ಮನೆಯ ಯುವಕರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಇಂಗ್ಲಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮುಂದೆ ಧಾರವಾಡ, ಹುಬ್ಬಳ್ಳಿಗಳಲ್ಲೂ ಅವರ ಕೇಂದ್ರಗಳು ತೆರೆದವು.

ಅವರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿನ ದೇವರು, ಆಚಾರಗಳನ್ನು ಟೀಕಿಸಿ ಅವರು ಮಾತನಾಡಿದ್ದೂ ಉಂಟು, ಅಚ್ಚು ಹಾಕಿದ್ದೂ ಉಂಟು. ಅದರಿಂದ ಊರವರಿಗೆ ನೋವಾದದ್ದೂ ಸುಳ್ಳಲ್ಲ. ಆದರೆ ಸಾರಬೇಕಾದರೆ ಮೊದಲು ಭಾಷೆ ಬೇಕು, ಭಾಷೆ ಬೇಕಾದರೆ ಬಾಯಿ ಮುಚ್ಚಿ ಕಿವಿ ತೆರೆಯಬೇಕು. ಮಾತನಾಡಲು ಬಂದ ಹುಡುಗರು ಹೀಗೆ ಕೇಳುವುದನ್ನು ಕಲಿತರು. ಕನ್ನಡಕ್ಕೆ ಲಾಭವಾದದ್ದು ಅಲ್ಲಿಯೇ.

ಮೊದಲ ಪತ್ರಿಕೆ ತಂದವರು

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್‌ಗೆ ಆಗ 25 ವರ್ಷ. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದವರು. ಕಲ್ಲಚ್ಚಿನಲ್ಲಿ ಅವರು ಹೊರತಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದರ ಮೊದಲ ಸಂಚಿಕೆ ಬಂದದ್ದು 1843ರ ಜುಲೈ 1ರಂದು. ಕರ್ನಾಟಕದಲ್ಲಿ ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಇದೇ ಕಾರಣಕ್ಕೆ. ನೀವು ಈಗ ಓದುತ್ತಿರುವ ಈ ಪುಟದ ವಂಶವೃಕ್ಷವೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಓಲೆಗರಿಯಲ್ಲಿದ್ದ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚಿಗೆ ತಂದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಎಲ್ಲವೂ ಅದರಲ್ಲಿ ಸೇರಿದವು. ಬೈಬಲ್ ಹಿಡಿದು ಬಂದವರ ಮುದ್ರಣಾಲಯದಲ್ಲಿ ಹರಿದಾಸರ ಹಾಡು, ಶರಣರ ಪುರಾಣ ಅಚ್ಚಾದವು! ಇದಕ್ಕೆ ಹಣ ಒದಗಿಸಿದವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೊಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ನೀಡಿತು.

ಇಲ್ಲಿಂದ ಅಲ್ಲಿಗೆ ಹೋದವರು

ಹಡಗು ಒಂದೇ ದಿಕ್ಕಿಗೆ ಹೋಗಲಿಲ್ಲ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಮಿಷನ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮನೆಯವರು ದೂರವಾದರು. ಪತ್ನಿ ಲಕ್ಷ್ಮಿಯೂ ಅವರೊಂದಿಗೆ ಬರಲಿಲ್ಲ. 1846ರಲ್ಲಿ ಕೌಂಡಿನ್ಯರು ಮೊಗ್ಲಿಂಗ್ ಜೊತೆ ಯುರೋಪಿಗೆ ಹೋಗಿ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಹರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನ ಮೊದಲ ಭಾರತೀಯ ಮಿಷನರಿ. 1860ರಲ್ಲಿ ಅವರು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು.

ಕೊಡಗಿನಲ್ಲಿ ಜೀತದಾಳುಗಳಾಗಿದ್ದ ದಲಿತ ಕುಟುಂಬಗಳು ಸ್ವಂತ ನೆಲದಲ್ಲಿ ಬದುಕಲಿ ಎಂದು ಮೊಗ್ಲಿಂಗ್ ಮತ್ತು ಕೌಂಡಿನ್ಯರು 1850ರ ದಶಕದಲ್ಲಿ ಆನಂದಪುರ ಎಂಬ ನೆಲೆಯನ್ನು ಕಟ್ಟಿದರು. ಕೌಂಡಿನ್ಯರ ಆಸ್ತಿಯ ಹಣವೂ ಅದಕ್ಕೆ ಹೋಯಿತು. ಆ ಮನುಷ್ಯ ಕಳೆದುಕೊಂಡದ್ದನ್ನೂ ಕಟ್ಟಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಲಕ್ಷ್ಮಿಯ ಮನಸ್ಸಿನಲ್ಲಿ ಏನಿತ್ತು ಎಂದು ಯೋಚಿಸಿದರಂತೂ ಇನ್ನೂ ಕಷ್ಟ.

ಮಕ್ಕಳನ್ನು ಬಿಟ್ಟುಕೊಟ್ಟವರು

ಆ ದಿನಗಳಲ್ಲಿ ಹೊರದೇಶದ ಸೇವೆ ಎಂದರೆ ಈಗಿನ ಹಾಗೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುವ ಮಾತಾಗಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಬಾಸೆಲ್ ಮಿಷನ್ನಿನ ನಿಯಮಗಳೂ ಬಿಗಿ. ಬಂದ ಮೊದಲ ವರ್ಷಗಳಲ್ಲಿ ಮದುವೆ ಕೂಡದು, ಆಮೇಲೂ ಬಾಸೆಲ್ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ವಧುಗಳು ಮುಖ ನೋಡದ ವರನನ್ನು ಮದುವೆಯಾಗಲು ಹಡಗು ಹತ್ತಿ ಬಂದರು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದೊಡನೆ ಬಾಸೆಲ್‌ಗೆ ಕಳುಹಿಸಬೇಕಿತ್ತು. ಮತ್ತೆ ನೋಡುವುದು ಎಷ್ಟೋ ವರ್ಷಗಳ ನಂತರ. ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ದೆಹಲಿ ಸೇರಿದ ನಮಗೆ ಈ ಅಗಲಿಕೆಯ ಒಂದು ತುಣುಕಾದರೂ ಅರ್ಥವಾದೀತು.

ಕಿಟೆಲ್ ಕೂಡ ಇದಕ್ಕೆ ಹೊರತಲ್ಲ. 1860ರಲ್ಲಿ ಮದುವೆಯಾದ ಪತ್ನಿ ಪೌಲಿನ್ 1864ರಲ್ಲಿಯೇ ತೀರಿಕೊಂಡರು. ಅವರು ಸಾಹಿತ್ಯದಲ್ಲೇ ಮುಳುಗಿದ್ದಾರೆಂದು ಮಿಷನ್ನಿನ ಹಿರಿಯರಿಗೆ ಅಸಮಾಧಾನವೂ ಇತ್ತು. ಅವರು ಮಾತ್ರ ಹಳ್ಳಿಗಳಲ್ಲಿ ಜನರ ಮಾತು ಕೇಳುತ್ತಾ, ಪಂಡಿತರ ಜೊತೆ ಹಳಗನ್ನಡ ಓದುತ್ತಾ ಹೋದರು. ಏಸುವಿನ ಕಥೆಯನ್ನೇ ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದವರು ನಿಘಂಟಿನ ಕೆಲಸಕ್ಕೆಂದು ಮತ್ತೆ ಬಂದರು. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. 21ರ ಹುಡುಗನಿಗೆ ಆಗ 62 ವರ್ಷ. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಅವರು ನಿಧನರಾದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಹೊರಗೆ ಕಳುಹಿಸಿತು. ಮಿಷನ್ನಿನ ಹೆಸರಾಂತ ಹೆಂಚಿನ ಕಾರ್ಖಾನೆಗಳೂ ಕೈತಪ್ಪಿದವು. ನಿಘಂಟು ಮಾತ್ರ ಉಳಿಯಿತು. ಧರ್ಮ ಯಾವುದೇ ಇರಲಿ, ಕನ್ನಡ ಓದುವವರೆಲ್ಲರ ಮನೆಯ ಪುಸ್ತಕವಾಗಿ ಉಳಿಯಿತು.

ನಮ್ಮ ಪಾಲಿಗೆ ಏನು?

ಮಯೂರ್ ವಿಹಾರ್-1 ನಿಲ್ದಾಣದಲ್ಲಿ ಪಿಂಕ್ ಲೈನ್ ಹತ್ತಿದರೆ ರೈಲು ಬದಲಿಸದೆ ‘ಸರ್ ವಿಶ್ವೇಶ್ವರಯ್ಯ ಮೋತಿಬಾಗ್’ನಲ್ಲಿ ಇಳಿಯಬಹುದು. ಅಲ್ಲಿಂದ ರಾಮಕೃಷ್ಣಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘ ದೂರವಿಲ್ಲ. ಹಬ್ಬಕ್ಕೆ, ನಾಟಕಕ್ಕೆ, ಬಿಸಿಬೇಳೆಬಾತಿಗೆ ನಾವು ಮಕ್ಕಳನ್ನು ಕರೆದೊಯ್ಯುತ್ತೇವೆ. ಅವರು ಅಲ್ಲಿ ತಮ್ಮತಮ್ಮಲ್ಲಿ ಹಿಂದಿಯಲ್ಲೇ ಮಾತನಾಡಿಕೊಳ್ಳುತ್ತಾರೆ. ‘ಇನ್ನು ದೊಡ್ಡವರಾದರು, ಈಗೆಲ್ಲಿ ಕನ್ನಡ ಕಲಿಯುತ್ತಾರೆ’ ಎಂದು ನಾವು ಕೈಚೆಲ್ಲುತ್ತೇವೆ.

ಕಿಟೆಲ್, ಮೊಗ್ಲಿಂಗ್ ಇಬ್ಬರೂ ಕನ್ನಡದ ನಡುವೆ ಬದುಕಲು ತೊಡಗಿದ್ದು ಇಪ್ಪತ್ತು ದಾಟಿದ ಮೇಲೆ. ಮನೆಯಲ್ಲಿ ಕನ್ನಡ ಆಡುವ ಅಜ್ಜಿ ಅವರಿಗಿರಲಿಲ್ಲ, ಕೈಗೆ ಇಂಥ ನಿಘಂಟೂ ಇರಲಿಲ್ಲ. ನಮ್ಮ ಮಕ್ಕಳಿಗೆ ಎರಡೂ ಇವೆ. ಅವರಿಗೆ ಇದ್ದದ್ದು ಕಲಿಯದೆ ಬೇರೆ ದಾರಿಯಿಲ್ಲ ಎಂಬ ಅಗತ್ಯ, ಮತ್ತು ಎದುರಿಗಿರುವವರ ಮಾತನ್ನು ಕೇಳುವ ತಾಳ್ಮೆ. ಆ ಅಗತ್ಯವನ್ನು ಮನೆಯಲ್ಲಿ ಹುಟ್ಟಿಸುವ ಕೆಲಸ ದೊಡ್ಡವರಾದ ನಮ್ಮದು.

ಮುಂದಿನ ಸಲ ಮಗಳೋ ಮಗನೋ ಷೋಕೇಸಿನ ದಪ್ಪ ಪುಸ್ತಕ ತೋರಿಸಿ ‘ಕಿಟೆಲ್ ಅಂದರೆ ಯಾರು?’ ಎಂದು ಕೇಳಿದರೆ ಗಡ್ಡದ ಪಾದ್ರಿಯ ಕಥೆ ಬೇಡ. ‘ನಿನ್ನ ವಯಸ್ಸಿನಲ್ಲಿ ಕನ್ನಡದ ನಾಡಿಗೆ ಬಂದು, ಮಾತು ಬಾರದೆ ತಡವರಿಸಿದ ಒಬ್ಬ ಹುಡುಗ’ ಎಂದು ಹೇಳಿ, ಪುಸ್ತಕವನ್ನು ಕೆಳಗಿಳಿಸಿ ಕೈಗೆ ಕೊಡಿ.